ಕಾರಿಗೊಂದು ಕರೆಂಟು

ಗೋಕಾಕದ ಕಟ್ಟಿಗೆ ಆಟಿಕೆಗೆ ವಿದ್ಯುತ್ತಿನ ಹಂಗಿಲ್ಲ. ಊರ ಜಲಪಾತದಲ್ಲಿ 1887ರಲ್ಲೇ ಕರೆಂಟು ಹುಟ್ಟಿದರೂ ಆಟಿಕೆ ಬಣ್ಣ ಹಚ್ಚಿಸಿಕೊಂಡು ತೆಪ್ಪಗೆ ಕೂತಿದೆ. ಈಗಿನ ಹುಡುಗರಿಗೆ ಬೇಕಾದದ್ದು ಹಳಿಯ ಸೀಳಿನಲ್ಲಿ ಕರೆಂಟಿನಿಂದ ಓಡುವ ಸ್ಲಾಟ್ ಕಾರು, ಅದೂ ಡಿಜಿಟಲ್! ಅದರ ಹಳಿಯಲ್ಲಿ ಸದಾ ಪೂರ್ತಿ ವೋಲ್ಟೇಜು. ವೇಗ ನಿರ್ಧರಿಸುವುದು ಕಾರಿನೊಳಗಿನ ಚಿಪ್ಪು. ಅನಲಾಗ್‌ನಲ್ಲಿ ಕೈಯೊಳಗಿನ ಕಂಟ್ರೋಲರೇ ವೋಲ್ಟೇಜು ಏರಿಸಿ ಇಳಿಸುತ್ತದೆ. ಎರಡನ್ನೂ ಒಂದೇ ಹಳಿಗೆ ಕಟ್ಟುವುದೆಂದರೆ ಅತ್ತೆ-ಸೊಸೆಗೆ ಒಂದೇ ಒಲೆ ಕೊಟ್ಟಂತೆ; ಚಿಪ್ಪು ಸುಟ್ಟೀತು.

ಮೂಡಲಗಿಯ ಕಬ್ಬಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಂಗಲ್ ಫೇಸಿನಲ್ಲಿ ತ್ರೀಫೇಸ್ ಪಂಪು ತಿರುಗಿಸಿದರೆ ಏನಾಗುತ್ತದೆಂದು ಮೋಟರ್ ರಿವೈಂಡಿಂಗ್ ಅಂಗಡಿಯವನ ಮುಖದ ಕಳೆಯೇ ಹೇಳುತ್ತದೆ. ಹುಕ್ಕೇರಿಯವರ ಗತ್ತೇ ಬೇರೆ. ಕರೆಂಟು ಹಂಚಲು ಅವರದೇ ಸಹಕಾರಿ ಸಂಘವಿದೆ! ಆದರೂ ಸುಟ್ಟ ಚಿಪ್ಪಿಗೆ ಸದಸ್ಯತ್ವವಿಲ್ಲ.

ಅದಕ್ಕೇ ಅನಲಾಗ್ ಓಡಿಸುವ ಮುನ್ನ ಹಳಿಗೆ ಕರೆಂಟು ಕೊಡುವ ಡಿಜಿಟಲ್ ಪವರ್ ಬೇಸನ್ನು ಹಳಿಯಿಂದ ಬಿಚ್ಚಿ ಬದಿಗಿಡ್ರಿ. ಪ್ಲಸ್ಸು-ಮೈನಸ್ಸು ನೋಡಿಯೇ ವೈರು ಜೋಡಿಸ್ರಿ.