ದುಬಾರಿ ರ‍್ಯಾಕೆಟ್ಟಿನ ಬಣ್ಣ ಮತ್ತು ಬಾಳಿಕೆ

ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಬೆಲೆ ಏರಿದಂತೆ ಅದರ ಆಯುಷ್ಯವೂ ಏರುತ್ತದೆ ಎಂಬುದು ಕೊಳ್ಳುವವರ ನಂಬಿಕೆ. ವಾಸ್ತವ ಇದಕ್ಕೆ ತಿರುಗುಮುರುಗು. ಜಾತ್ರೆಯಲ್ಲಿ ಕೊಂಡ ಉಕ್ಕಿನ ರ‍್ಯಾಕೆಟ್ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಾ ಬಿದ್ದಿದ್ದು, ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ಕೈಗೂ ಸಿಗುತ್ತದೆ. 15,000 ರೂಪಾಯಿ ಕೊಟ್ಟು ತಂದದ್ದು ಡಬಲ್ಸ್ ಜೊತೆಗಾರನ ಅತ್ಯುತ್ಸಾಹಕ್ಕೆ ಮೊದಲ ವಾರವೇ ಬಲಿಯಾಗಬಹುದು.

ಕಾರಣ ಸರಳ. ದುಬಾರಿ ರ‍್ಯಾಕೆಟ್ಟಿನ ಚೌಕಟ್ಟು ಅಂಟುರಾಳದಲ್ಲಿ ಅದ್ದಿದ ಕಾರ್ಬನ್ ಎಳೆಗಳ ಹಾಳೆಗಳನ್ನು ಸುತ್ತಿ, ಅಚ್ಚಿನಲ್ಲಿಟ್ಟು ಕಾಯಿಸಿ ಮಾಡಿದ ಪೊಳ್ಳು ಕೊಳವೆ. ‘4ಯು’ ಎಂಬ ಗುರುತಿನ ರ‍್ಯಾಕೆಟ್ 80ರಿಂದ 84 ಗ್ರಾಂ ತೂಗುತ್ತದೆ. ‘5ಯು’ ಇನ್ನೂ ಹಗುರ. ಕಾರ್ಬನ್ ಎಳೆ ಬಿಗುವಾದಷ್ಟೂ ಹೊಡೆತ ಚುರುಕು, ಆದರೆ ಪೆಡಸುತನವೂ ಅಷ್ಟೇ ಹೆಚ್ಚು. ಉಕ್ಕು ಪೆಟ್ಟು ತಿಂದರೆ ನೆಗ್ಗಿ ಆಟ ಮುಂದುವರಿಸುತ್ತದೆ. ಕಾರ್ಬನ್ನಿಗೆ ನೆಗ್ಗುವುದು ಗೊತ್ತಿಲ್ಲ. ತಡೆಯುವಷ್ಟು ತಡೆದು ಒಮ್ಮೆಲೇ ಬಿರಿಯುತ್ತದೆ. ಸುಮ್ಮನೆ ಗೋಡೆಗೆ ತೂಗುಬಿಟ್ಟಾಗಲೂ ಅದಕ್ಕೆ ವಿಶ್ರಾಂತಿಯಿಲ್ಲ. 24 ಪೌಂಡ್ ಬಿಗಿತದಲ್ಲಿ ಗಟ್ಟಿಂಗ್ ಮಾಡಿಸಿದರೆ, ಅಂದರೆ ಗಟ್ ಎಳೆ ಹೆಣೆಸಿದರೆ, 22 ಉದ್ದೆಳೆಗಳ ಎಳೆತವೇ ಲೆಕ್ಕಕ್ಕೆ ಸುಮಾರು 240 ಕಿಲೋ ಆಗುತ್ತದೆ. ಅಡ್ಡೆಳೆಗಳ ಎಳೆತ ಬೇರೆ. ಕೈಬೆರಳಷ್ಟೂ ದಪ್ಪವಿಲ್ಲದ ಕೊಳವೆ ಇದನ್ನೆಲ್ಲ ಹೊತ್ತು ನಿಂತಿರುವುದೇ ದೊಡ್ಡದು.

ಶಟಲ್ ಈ ಚೌಕಟ್ಟನ್ನು ಮುರಿಯುವುದು ಅಪರೂಪ. 2023ರ ಏಪ್ರಿಲ್‌ನಲ್ಲಿ ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗದ್ದೆಂದು ಗಿನ್ನೆಸ್ ದಾಖಲೆಯಾಯಿತು. ಆದರೂ ನಿಯಮದ ಪ್ರಕಾರ ಶಟಲ್‌ನ ತೂಕ ಐದೂವರೆ ಗ್ರಾಂ ಮೀರುವಂತಿಲ್ಲ. ರ‍್ಯಾಕೆಟ್ಟಿನ ನಿಜವಾದ ಶತ್ರು ಬಲೆಯ ಆಚೆಗಿಲ್ಲ, ಈಚೆಗೇ ಇದ್ದಾನೆ. ಇಬ್ಬರ ನಡುವೆ ಇಳಿಯುವ ಶಟಲ್‌ಗೆ ಇಬ್ಬರೂ ‘ನಂದು’ ಎಂದು ಕೂಗಿ ಬೀಸಿದ ಕ್ಷಣದಲ್ಲೇ ಹೆಚ್ಚಿನ ರ‍್ಯಾಕೆಟ್‌ಗಳ ಕತೆ ಮುಗಿಯುವುದು. ತಗ್ಗಿನ ಶಟಲ್ ಎತ್ತಲು ಹೋಗಿ ನೆಲ ಕೆರೆಯುವುದು ಎರಡನೆಯ ಕಾರಣ. ಸೋತ ಸಿಟ್ಟಿಗೆ ರ‍್ಯಾಕೆಟ್ ಎಸೆಯುವುದನ್ನು ಅಪಘಾತದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ.

ಈ ಎಲ್ಲ ಪೆಟ್ಟುಗಳಿಗೆ ಮೊದಲು ಎದೆಯೊಡ್ಡುವುದು ಬಣ್ಣ. ಅಚ್ಚಿನಿಂದ ಬಂದ ಚೌಕಟ್ಟನ್ನು ಉಜ್ಜಿ, ತೂತುತಗ್ಗುಗಳಿಗೆ ಪುಟ್ಟಿ ತುಂಬಿ, ಪ್ರೈಮರ್, ಬಣ್ಣ, ಅಕ್ಷರದ ಸ್ಟಿಕರ್, ಕಡೆಗೆ ಪಾರದರ್ಶಕ ಮೆರುಗು ಹೀಗೆ ಪದರ ಪದರವಾಗಿ ಬಳಿಯುತ್ತಾರೆ. ದಪ್ಪ ಬಳಿದರೆ ತೂಕ ಏರುತ್ತದೆ. ಒಂದೊಂದು ಗ್ರಾಂ ಇಳಿಸುವುದಕ್ಕೂ ಎಂಜಿನಿಯರುಗಳನ್ನು ಇಟ್ಟುಕೊಂಡ ಕಂಪನಿ ಬಣ್ಣದಲ್ಲಿ ಧಾರಾಳ ತೋರಿಸುವುದಿಲ್ಲ. ಹಾಗಾಗಿ ದುಬಾರಿ ರ‍್ಯಾಕೆಟ್ಟಿನ ಬಣ್ಣ ಬೇಗ ಕಿತ್ತುಬರುತ್ತದೆ, ಅದೂ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ. ಬಿಳಿ ರ‍್ಯಾಕೆಟ್ಟಿನಲ್ಲಿ ಒಳಗಿನ ಕಪ್ಪು ಇಣುಕಿ ಮಾಲೀಕನ ಹೊಟ್ಟೆ ಉರಿಸುತ್ತದೆ. ಕಪ್ಪು ರ‍್ಯಾಕೆಟ್ ಮಾನ ಕಾಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಅಂಗಡಿಯಲ್ಲಿ ಗಂಭೀರವಾಗಿ ಕಂಡರೂ ಕೈ ತಾಗುವ ಕಡೆ ಉಜ್ಜಿ ಉಜ್ಜಿ ತಾನೇ ಹೊಳೆಯತೊಡಗುತ್ತದೆ.

ಇದಕ್ಕೆ ಚಾಲ್ತಿಯಲ್ಲಿರುವ ಚಿಕಿತ್ಸೆ ಎರಡು. ಒಂದು, ತುದಿಗೆ ಟೇಪ್ ಅಂಟಿಸುವುದು. ಇದರಿಂದ ತಲೆಭಾಗ ತುಸು ಭಾರವಾಗುತ್ತದೆ. ಇನ್ನೊಂದು, ಉಗುರುಬಣ್ಣ. ತೂಕದ ಹಂಚಿಕೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿಯುವ ಗಡಸು ಆಟಗಾರ ಹೆಂಡತಿಯ ಮೇಕಪ್ ಡಬ್ಬಿಯಲ್ಲಿ ತನ್ನ ರ‍್ಯಾಕೆಟ್ಟಿಗೆ ಹೊಂದುವ ಕೆಂಪು ಹುಡುಕುವುದನ್ನು ಯಾವ ತರಬೇತಿ ಪುಸ್ತಕವೂ ದಾಖಲಿಸಿಲ್ಲ. ಫಲಿತಾಂಶ ಮಾತ್ರ ಕೆಟ್ಟದ್ದೇನಲ್ಲ.

ಬಣ್ಣ ಹೋದರೆ ಆಟಕ್ಕೆ ನಷ್ಟವಿಲ್ಲ. ಚಿಂತೆಗೆ ಅರ್ಹವಾದದ್ದು ಕೂದಲೆಳೆಯ ಗೆರೆ. ಗೆರೆಯ ಅಕ್ಕಪಕ್ಕ ಹೆಬ್ಬೆರಳಿನಿಂದ ಒತ್ತಿದಾಗ ಅದು ಬಾಯಿ ಬಿಟ್ಟರೆ, ಅಥವಾ ‘ಟಿಕ್’ ಎಂದರೆ, ಬಿರುಕು ಕಾರ್ಬನ್ನಿಗೆ ಇಳಿದಿದೆ. ಗಟ್ ಹರಿದಾಗ ಉಳಿದ ಎಳೆಗಳನ್ನು ಹಾಗೇ ಬಿಡುವುದೂ ತಪ್ಪು. ಎಳೆತ ಒಂದು ಬದಿಗೆ ವಾಲಿ ಚೌಕಟ್ಟು ಸೊಟ್ಟಗಾಗಬಹುದು. ನಡುವಿನಿಂದ ಆರಂಭಿಸಿ ಎರಡೂ ಬದಿ ಸಮವಾಗಿ ಕತ್ತರಿಸಬೇಕು. ಗಟ್ ಹಾಯುವ ತೂತುಗಳ ಪ್ಲಾಸ್ಟಿಕ್ ಗ್ರಾಮೆಟ್‌ಗಳು ಸವೆದಿದ್ದರೆ ಬದಲಿಸಬೇಕು. ಅವು ಅಗ್ಗ, ಚೌಕಟ್ಟು ಅಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ರ‍್ಯಾಕೆಟ್ ಬಿಡಬಾರದು.

ಬಿರುಕು ಬಿಟ್ಟ ಚೌಕಟ್ಟಿಗೆ ಕಾರ್ಬನ್ ಸುತ್ತಿ ದುರಸ್ತಿ ಮಾಡುವವರಿದ್ದಾರೆ, ಆದರೆ ತೂಕವೂ ಸಮತೋಲವೂ ಮೊದಲಿನಂತಿರುವುದಿಲ್ಲ. ದುರಸ್ತಿಯನ್ನೂ ಮಾಡಿಸದೆ, ಉಗುರುಬಣ್ಣದಡಿ ಬಿರುಕು ಮುಚ್ಚಿ ಗಟ್ಟಿಂಗ್ ಅಂಗಡಿಗೆ ಒಯ್ಯುವವರಲ್ಲಿ ಒಂದು ವಿನಂತಿ: ದಯವಿಟ್ಟು ಮೊದಲೇ ಹೇಳಿಬಿಡಿ. ಯಂತ್ರದ ಮೇಲೆ ಮುರಿದರೆ ಅಂಗಡಿಯವನ ತಪ್ಪಲ್ಲ.