ಅಟ್ಟದ ಅಡಿಕೆ ಮತ್ತು ಮಾತುಕತೆಯ ಹಿಡಿತ

ವ್ಯವಹಾರದ ಮಾತುಕತೆಯಲ್ಲಿ ಹಿಡಿತ ಯಾರದು ಎಂಬ ಪ್ರಶ್ನೆಗೆ ಗಟ್ಟಿಯಾಗಿ ಮಾತನಾಡುವವನದು ಎಂದು ಪೇಟೆಯವರೂ, ಕಡಿಮೆ ಮಾತನಾಡುವವನದು ಎಂದು ವ್ಯವಹಾರಶಾಸ್ತ್ರದ ಪುಸ್ತಕಗಳೂ ಉತ್ತರ ಕೊಡುತ್ತವೆ. ಆದರೆ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲೂಕಿನ ಪೆರಾಬೆಯಲ್ಲಿ ಈ ಎರಡು ಉತ್ತರಗಳೂ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿನ ಹಿಡಿತ ಇರುವುದು ಮನೆಯ ಅಟ್ಟದಲ್ಲಿ. ಅಟ್ಟದಲ್ಲಿ ಎಷ್ಟು ಗೋಣಿ ಅಡಿಕೆ ಇದೆ, ಅದು ಯಾವ ವರ್ಷದ್ದು, ಅದನ್ನು ಮಾರದೆ ಆ ಮನೆಯ ಖರ್ಚು ಇನ್ನೆಷ್ಟು ತಿಂಗಳು ಸಾಗೀತು ಎಂಬ ಮೂರು ಸಂಗತಿಗಳು ತಿಳಿದರೆ, ಬೆಳೆಗಾರನೂ ವ್ಯಾಪಾರಿಯೂ ಬಾಯಿ ತೆರೆಯುವ ಮೊದಲೇ ಮಾತುಕತೆಯ ಫಲಿತಾಂಶವನ್ನು ಚೀಟಿಯಲ್ಲಿ ಬರೆದಿಡಬಹುದು. ಹಾಗಿದ್ದೂ ಇಬ್ಬರೂ ಅರ್ಧ ಗಂಟೆ ಮಾತನಾಡುತ್ತಾರೆ. ಅದು ಪರಸ್ಪರ ಮರ್ಯಾದೆಗಾಗಿ.

ಅಟ್ಟಕ್ಕೆ ಈ ಅಧಿಕಾರವನ್ನು ಕೊಟ್ಟದ್ದು ಚಾಲಿ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಹರಡಿ, ನಲವತ್ತು ನಲವತ್ತೈದು ದಿನ ಬಿಸಿಲಿಗೆ ಒಣಗಿಸಿ, ಬಳಿಕ ಸುಲಿದು ತೆಗೆಯುವ ಬಿಳಿ ಅಡಿಕೆಗೆ ಚಾಲಿ ಎಂದು ಹೆಸರು. ಘಟ್ಟದ ಮೇಲೆ ಎಳೆಯ ಕಾಯಿಯನ್ನು ಸುಲಿದು ಬೇಯಿಸಿ ಮಾಡುವ ಕೆಂಪಡಿಕೆಗೂ ಇದಕ್ಕೂ ಸಂಬಂಧವಿಲ್ಲ. ಸರಿಯಾಗಿ ಒಣಗಿದ ಚಾಲಿ ಬೇಗ ಕೆಡುವುದಿಲ್ಲ, ಸಾಮಾನ್ಯವಾಗಿ ಹಳತಾದಂತೆ ಅದರ ದರವೂ ಏರುತ್ತದೆ. ಆ ವರ್ಷದ್ದು ಹೊಸ ಅಡಿಕೆ, ಅಟ್ಟದಲ್ಲಿ ಒಂದು ವರ್ಷ ಕಳೆದದ್ದು ಸಿಂಗಲ್ ಚೋಲು, ಅದಕ್ಕಿಂತಲೂ ಹಳೆಯದು ಡಬಲ್ ಚೋಲು. ವಯಸ್ಸಾದಂತೆ ಬೆಲೆ ಹೆಚ್ಚುವ ಸೌಭಾಗ್ಯ ಬೆಳೆದವನಿಗೆ ಇಲ್ಲದಿದ್ದರೂ ಅವನ ಅಡಿಕೆಗೆ ಇದೆ.

ಇಸ್ರೇಲಿನ ಅರ್ಥಶಾಸ್ತ್ರಜ್ಞ ಆರಿಯಲ್ ರೂಬಿನ್‌ಸ್ಟೀನ್ 1982ರಲ್ಲಿ ಪ್ರಕಟಿಸಿದ ಚೌಕಾಸಿಯ ಸಿದ್ಧಾಂತದ ಪ್ರಕಾರ, ಇಬ್ಬರು ಒಂದು ಲಾಭವನ್ನು ಹಂಚಿಕೊಳ್ಳಲು ಸರದಿಯಂತೆ ಬೇಡಿಕೆ ಮುಂದಿಡುತ್ತಾ ಹೋದರೆ, ತಡವಾದರೆ ಕಡಿಮೆ ನಷ್ಟವಾಗುವವನಿಗೆ ದೊಡ್ಡ ಪಾಲು ಸಿಗುತ್ತದೆ. ಇದನ್ನು ತೋರಿಸಲು ಅವರಿಗೆ ಬಿಗಿಯಾದ ಗಣಿತ ಬೇಕಾಯಿತು. ಪೆರಾಬೆಯಲ್ಲಿ ಪ್ಲಾಸ್ಟಿಕ್ ಒಳಚೀಲ ಹಾಕಿದ ಗೋಣಿ ಸಾಕಾಗುತ್ತದೆ. ರೂಬಿನ್‌ಸ್ಟೀನರಿಗಿಂತ ಒಂದು ವರ್ಷ ಮೊದಲು, 1981ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಮಾತುಕತೆಯ ಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೊಂದು ಪರಿಕಲ್ಪನೆಯನ್ನು ಮುಂದಿಟ್ಟರು: ಈ ಮಾತುಕತೆ ಮುರಿದುಬಿದ್ದರೆ ತನಗೆ ಉಳಿಯುವ ಅತ್ಯುತ್ತಮ ದಾರಿ ಯಾವುದು ಎಂಬುದನ್ನು ಮೊದಲೇ ತಿಳಿದುಕೊಂಡು ಕುಳಿತವನಿಗೆ ಬಲ ಹೆಚ್ಚು. ಇದನ್ನು ಇಲ್ಲಿ ಬದಲಿದಾರಿ ಎಂದು ಕರೆಯಬಹುದು. ಚಾಲಿ ಬೆಳೆಗಾರನ ಬದಲಿದಾರಿ ಬಹಳ ಸರಳವಾದದ್ದು. ಗೋಣಿಯನ್ನು ಇದ್ದಲ್ಲೇ ಬಿಟ್ಟು, ಮನೆಗೆ ಹೋಗಿ ಊಟ ಮಾಡಿ ಮಲಗುವುದು.

ಇಷ್ಟು ಬಲವಿದ್ದರೂ ಅದನ್ನು ತೋರಿಸುವ ವಿಧಾನಕ್ಕೆ ಒಂದು ಶಿಷ್ಟಾಚಾರವಿದೆ. ಬೆಳೆಗಾರನು ಅಲಂಕಾರಿನ, ಕಡಬದ ಅಥವಾ ಉಪ್ಪಿನಂಗಡಿಯ ಅಡಿಕೆ ಅಂಗಡಿಗೆ ಅಡಿಕೆ ಮಾರಲೆಂದು ಬಂದಂತೆ ಕಾಣಬಾರದು. ದನದ ಹಿಂಡಿಗೋ ಬ್ಯಾಂಕಿನ ಕೆಲಸಕ್ಕೋ ಬಂದವನು ದಾರಿಯಲ್ಲಿ ನೆರಳು ಕಂಡು ನಿಂತಂತೆ ಇರಬೇಕು. ವ್ಯಾಪಾರಿಯೂ ಅವನಿಗಾಗಿ ಕಾದು ಕುಳಿತಂತೆ ಕಾಣಬಾರದು. ಮಳೆಯ ವಿಷಯ, ದೇವಸ್ಥಾನದ ವಿಷಯ, ಯಾರದೋ ಮೊಣಕಾಲಿನ ಆಪರೇಷನ್ನಿನ ವಿಷಯ ಮುಗಿದ ಮೇಲೆ, ಹೊರಡಲು ಎದ್ದವನು ಮೆಟ್ಟಿಲಿನಲ್ಲಿ ನಿಂತು “ಹೇಗುಂಟು ಮಾರ್ಕೆಟ್?” ಎನ್ನುತ್ತಾನೆ. “ಡಲ್ ಉಂಟು ಮಾರಾಯ್ರೆ, ಗುಜರಾತಿನವರು ತೆಗೆಯುವುದೇ ಇಲ್ಲ” ಎಂಬ ಉತ್ತರ ಬರುತ್ತದೆ. “ಇರಲಿ, ನಮಗೇನು ಅರ್ಜೆಂಟಿಲ್ಲ” ಎಂದು ಬೆಳೆಗಾರನು ಒಂದು ಮೆಟ್ಟಿಲು ಇಳಿಯುತ್ತಾನೆ. “ತಂದುಬಿಡಿ, ನಿಮಗೆ ಅಂತ ಎರಡು ರೂಪಾಯಿ ನೋಡುವ” ಎಂಬ ಮಾತು ಆತನನ್ನು ಅದೇ ಮೆಟ್ಟಿಲಿನಲ್ಲಿ ತಡೆಯುತ್ತದೆ. ಮಾರ್ಕೆಟ್ ಡಲ್ ಎಂಬುದು ದರ ಎಷ್ಟೇ ಇದ್ದರೂ ಬದಲಾಗದ ವಾಕ್ಯ. 2021ರಲ್ಲಿ ಹಳೆಯ ಚಾಲಿಯ ದರ ಕಿಲೋಗೆ 500 ರೂಪಾಯಿ ಮುಟ್ಟಿದಾಗಲೂ ಮಾರ್ಕೆಟ್ ಡಲ್ಲೇ ಇತ್ತು, ಸ್ವಲ್ಪ ಎತ್ತರದಲ್ಲಿ ಡಲ್ ಇತ್ತು ಎಂದಷ್ಟೇ ತಿಳಿಯಬೇಕು.

ಮೊದಲ ಸಂಖ್ಯೆಯನ್ನು ಯಾರು ಹೇಳಬೇಕು ಎಂಬುದು ಇನ್ನೂ ಸೂಕ್ಷ್ಮವಾದ ವಿಷಯ. ಒಮ್ಮೆ ಕಿವಿಗೆ ಬಿದ್ದ ಸಂಖ್ಯೆ, ಅದಕ್ಕೆ ಅರ್ಥವಿರಲಿ ಇಲ್ಲದಿರಲಿ, ಮುಂದಿನ ಎಲ್ಲ ಅಂದಾಜುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂದು ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆ ಲೆಕ್ಕದಲ್ಲಿ ಮೊದಲು ಬಾಯಿಬಿಟ್ಟವನಿಗೇ ಲಾಭವಾಗಬೇಕು. ಪೆರಾಬೆಯವರು ಮಾತ್ರ ಮೊದಲು ಹೇಳಿದವನು ಕೆಟ್ಟ ಎಂಬ ವಿರುದ್ಧ ನಂಬಿಕೆಯವರಾದ್ದರಿಂದ, “ನೀವು ಹೇಳಿ”, “ಛೆ, ನೀವೇ ಹೇಳಿ” ಎಂಬ ವಿನಯದ ಸ್ಪರ್ಧೆ ನಡೆದು, ಕೊನೆಗೆ ಆ ದಿನದ ದರವನ್ನು ಇಬ್ಬರೂ ತಮ್ಮ ತಮ್ಮ ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ ನೋಡಿಯೇ ಬಂದಿದ್ದಾರೆಂಬುದು ಹೊರಬೀಳುತ್ತದೆ.

ತನ್ನ ಕೈಯನ್ನು ತಾನೇ ಕಟ್ಟಿಕೊಂಡವನು ಮಾತುಕತೆಯಲ್ಲಿ ಬಲಶಾಲಿಯಾಗುತ್ತಾನೆಂಬ ವಿಚಿತ್ರ ಸತ್ಯವನ್ನು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ತೀರ್ಮಾನಿಸುವ ಅಧಿಕಾರ ತನಗಿಲ್ಲ ಎಂದವನನ್ನು ಯಾರೂ ಬಗ್ಗಿಸಲಾರರು ಎಂಬುದು ಇದರ ತಾತ್ಪರ್ಯ. ವ್ಯಾಪಾರಿಯು “ನನ್ನದೇನಿಲ್ಲ, ಮಂಗಳೂರಿನಿಂದ ರೇಟು ಬರಬೇಕು” ಎನ್ನುವುದೂ, ಬೆಳೆಗಾರನು “ಆಗಬಹುದು, ಮನೆಯಲ್ಲಿ ಒಂದು ಮಾತು ಕೇಳಬೇಕು” ಎನ್ನುವುದೂ ಈ ಸಿದ್ಧಾಂತದ ಪ್ರಯೋಗಗಳೇ. ಹೀಗೆ ಮಂಗಳೂರಿನ ರೇಟಿನ ಹಿಂದಿರುವ, ಎಂದೂ ಮುಖ ತೋರಿಸದ ಉತ್ತರ ಭಾರತದ ಸೇಟಿಗೂ ಪೆರಾಬೆಯ ಅಡುಗೆಮನೆಯಿಂದ ಹೊರಬಾರದ ಅತ್ತಿಗೆಗೂ ನಡುವೆ ವ್ಯವಹಾರ ನಡೆಯುತ್ತಿರುತ್ತದೆ, ಎದುರೆದುರು ಕುಳಿತವರು ಬರಿಯ ದೂತರಾಗಿ ಚಹಾ ಕುಡಿಯುತ್ತಿರುತ್ತಾರೆ. ಸೇಟಿಗೆ ಈ ವ್ಯವಹಾರದ ಸುದ್ದಿಯೇ ಇರುವುದಿಲ್ಲ. ಅತ್ತಿಗೆಗೆ ಮಾತ್ರ ಎಲ್ಲವೂ ಗೊತ್ತು. ಮನೆ ಬಾಗಿಲಿಗೆ ಬರುವ ಮೀನಿನವನ ಬಂಗುಡೆಯ ದರವು ಹೊತ್ತು ಮಧ್ಯಾಹ್ನದತ್ತ ವಾಲಿದಂತೆ ಇಳಿಯುತ್ತದೆಂಬುದನ್ನು ರೂಬಿನ್‌ಸ್ಟೀನರ ಸಹಾಯವಿಲ್ಲದೆ ಕಂಡುಕೊಂಡು, ಹಾರ್ನ್ ಕೇಳಿದರೂ ಕೇಳದವಳಂತೆ ಪಾತ್ರೆ ತೊಳೆಯುತ್ತಿರುವವಳು ಆಕೆಯೇ.

ಗೋಣಿಯ ಬಾಯಿ ಬಿಚ್ಚಿದ ಕ್ಷಣದಿಂದ ಹಿಡಿತ ಕೈ ಬದಲಾಯಿಸುತ್ತದೆ. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಆದ್ದರಿಂದ ಕೊಳ್ಳುವವನು ಅಂಜುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳನ್ನು ಉದಾಹರಣೆಯಾಗಿಟ್ಟು ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಅಡಿಕೆ ಅಂಗಡಿಯಲ್ಲಿ ಈ ಸಿದ್ಧಾಂತ ತಲೆಕೆಳಗಾಗಿ ನಿಲ್ಲುತ್ತದೆ. ಗಿಡ ನೆಟ್ಟು, ನೀರು ಬಿಟ್ಟು, ಒಣಗಿಸಿ, ಸುಲಿಸಿ ತಂದವನಿಗೆ ತಿಳಿಯದ ರಹಸ್ಯಗಳು ಗೋಣಿಯೊಳಗೆ ಮೊಣಕೈವರೆಗೆ ಕೈಹಾಕಿದ ವ್ಯಾಪಾರಿಗೆ ತಿಳಿಯುತ್ತವೆ. ಒಡೆದ ಅಡಿಕೆಯಾದ ಪಟೋರ, ಮುದುಡಿದ ಅಡಿಕೆಯಾದ ಉಳ್ಳಿ, ಕಪ್ಪಾದ ಕೆಳದರ್ಜೆಯ ಕರಿಗೋಟು ಇವು ಬೆಳೆಗಾರನ ಅಟ್ಟದಲ್ಲಿ ಇದ್ದದ್ದೇ ಇಲ್ಲ, ಆದರೆ ಅಂಗಡಿಯ ನೆಲದ ಮೇಲೆ ಸುರಿದೊಡನೆ ಎಲ್ಲಿಂದಲೋ ಹುಟ್ಟಿಕೊಳ್ಳುತ್ತವೆ. ವ್ಯಾಪಾರಿಯು ಒಂದು ಅಡಿಕೆಯನ್ನು ಕತ್ತರಿಸಿ, ಅದರ ಒಳಗನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಪಕ್ಕಕ್ಕಿಡುವ ಮೌನಕ್ಕೆ ಕಿಲೋಗೆ ನಾಲ್ಕೈದು ರೂಪಾಯಿ ಇಳಿಸುವ ಶಕ್ತಿಯಿದೆ.

ಬೆಳೆಗಾರನ ತಾಳ್ಮೆಗೆ ಇರುವ ದೊಡ್ಡ ಶತ್ರು ಅವನ ಮನೆಯ ಶುಭಕಾರ್ಯ. ಮಗಳ ಮದುವೆಯ ದಿನ ಗೊತ್ತಾಯಿತೆಂದರೆ ಅಟ್ಟದ ಬಲ ಅರ್ಧಕ್ಕೆ ಇಳಿಯುತ್ತದೆ, ಆಮಂತ್ರಣ ಪತ್ರಿಕೆ ಅಚ್ಚಾದ ದಿನ ಉಳಿದರ್ಧವೂ ಹೋಗುತ್ತದೆ. ಆ ಪತ್ರಿಕೆಯ ಮೊದಲ ಪ್ರತಿಗಳಲ್ಲೊಂದನ್ನು ವ್ಯಾಪಾರಿಗೆ ಖುದ್ದಾಗಿ ಕೊಟ್ಟು ಬರಬೇಕಾದದ್ದು ಊರಿನ ಕ್ರಮ. ಸೊಸೈಟಿಯ ಸಾಲದ ವಾಯಿದೆ, ಮಗನ ಕಾಲೇಜಿನ ಫೀಸು, ಹೊಸ ಮನೆಯ ತಾರಸಿ ಇವನ್ನು ಗುಟ್ಟಾಗಿಡಲು ದೊಡ್ಡ ನಗರವೇ ಬೇಕು. ಪೆರಾಬೆಯಂಥ ಊರಿನಲ್ಲಿ ಅಡಿಕೆ ಕೊಳ್ಳುವವನೇ ದೇವಸ್ಥಾನದ ಬ್ರಹ್ಮಕಲಶದ ಹಣಕಾಸು ಸಮಿತಿಯಲ್ಲೂ ಇರುವುದುಂಟು. ಆತ ರಸೀದಿ ಪುಸ್ತಕ ಹಿಡಿದು ಮನೆಗೆ ಬಂದಾಗ ಅಟ್ಟ ಖಾಲಿ ಎಂದರೆ ದೇವರಿಗೆ ಸುಳ್ಳು ಹೇಳಿದಂತಾಗುತ್ತದೆ, ತುಂಬಿದೆ ಎಂದರೆ ದೇಣಿಗೆಯ ಮೊತ್ತ ಏರುತ್ತದೆ. ಈ ಇಕ್ಕಟ್ಟಿನ ಬಗ್ಗೆ ಹಾರ್ವರ್ಡಿನವರು ಏನನ್ನೂ ಬರೆದಂತಿಲ್ಲ.

ಒಬ್ಬೊಬ್ಬರ ಅಟ್ಟದ ಬಲಕ್ಕೆ ಮಿತಿಯಿದೆ ಎಂಬುದು 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲಕಚ್ಚಿದಾಗ ತಿಳಿದುಬಂತು. ಎಲ್ಲರೂ ಕಾದರು, ಬೆಲೆ ಅವರಿಗಿಂತ ಹೆಚ್ಚು ಕಾಯಿತು. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಇದರ ಮುಖ್ಯ ಉಪಯೋಗ ಅಲ್ಲಿ ಅಡಿಕೆ ಮಾರುವುದು ಎಂದು ಹೊರಗಿನವರು ತಿಳಿಯುತ್ತಾರೆ. ಬೇರೆ ಅಂಗಡಿಯಲ್ಲಿ ಮಾರುವಾಗ “ಕ್ಯಾಂಪ್ಕೊದಲ್ಲಿ ಇಷ್ಟು ಉಂಟಲ್ಲ” ಎನ್ನಲು ಸಾಧ್ಯವಾಗುವುದು ಅದಕ್ಕಿಂತ ಕಡಿಮೆಯ ಉಪಯೋಗವೇನಲ್ಲ. ಸಂಸ್ಥೆಗೆ ಒಂದು ಕಾಳು ಅಡಿಕೆಯನ್ನೂ ಹಾಕದವನು ಅದರ ದರದ ಬಲದಿಂದ ಎರಡು ರೂಪಾಯಿ ಹೆಚ್ಚು ಗಿಟ್ಟಿಸಿ, ಹಿಂದಿರುಗುವಾಗ ಅದೇ ಸಂಸ್ಥೆಯನ್ನು ಬೈದುಕೊಂಡು ಬರುವುದು ಸಹಕಾರ ತತ್ತ್ವದ ಒಂದು ಮುಖವೆಂದು ಒಪ್ಪಬೇಕು. ಪುತ್ತೂರಿನಿಂದ 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆಯು ಬೆಳೆಗಾರರ ಕೈಗೆ ಪೆನ್ನನ್ನೂ ಕೊಟ್ಟ ಮೇಲೆ, ವ್ಯಾಪಾರಿಗಷ್ಟೇ ಗೊತ್ತಿದ್ದ ಗುಟ್ಟುಗಳ ಸಂಖ್ಯೆ ಇನ್ನಷ್ಟು ಇಳಿಯಿತು. ವಿದೇಶಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಂದಿನಿಂದ ದಿಲ್ಲಿಯೂ ಆ ಮೆಟ್ಟಿಲಿನ ಮಾತುಕತೆಯಲ್ಲಿ ಆಗಾಗ ಬಂದುಹೋಗುತ್ತದೆ.

ಅದೇ ತೋಟದ ಅದೇ ಬೆಳೆಗಾರನು ಕೊಕ್ಕೋ ಮಾರಲು ಹೊರಟರೆ ಬೇರೆಯೇ ಮನುಷ್ಯನಾಗುತ್ತಾನೆ. ಕಾಯಿ ಒಡೆದು ತೆಗೆದ ಕೊಕ್ಕೋದ ಹಸಿಬೀಜ ಅಟ್ಟ ಏರುವ ಜಾತಿಯದಲ್ಲ, ಅದನ್ನು ಬೇಗನೆ ಕೊಡಬೇಕು, ಕೇಳಿದ ದರಕ್ಕೆ ಕೊಡಬೇಕು. ಅಡಿಕೆಯ ನಡುವೆ ಕೊಕ್ಕೋ ಬೆಳೆಯಿರೆಂದು ಹುರಿದುಂಬಿಸಿದ ಕಂಪನಿ, 1980ರ ಸುಮಾರಿಗೆ ಜಾಗತಿಕ ಬೆಲೆ ಕುಸಿದಾಗ ಖರೀದಿಯಿಂದ ಹಿಂದೆಸರಿಯಿತು. ಒಬ್ಬನೇ ಕೊಳ್ಳುವವನಿರುವ ಪೇಟೆಯಲ್ಲಿ ಆತ ಎದ್ದುಹೋದರೆ ಮಾತುಕತೆ ಎಂಬುದೇ ಉಳಿಯುವುದಿಲ್ಲವೆಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದದ್ದು ಬದಲಿದಾರಿಯನ್ನು ಹುಡುಕುವ ಬದಲು ಕಟ್ಟಿಕೊಂಡ ಉದಾಹರಣೆ. ಇದಕ್ಕಿಂತ ದೊಡ್ಡ ಉದಾಹರಣೆಯೂ ಈ ಜಿಲ್ಲೆಯಲ್ಲಿದೆ. ಧಣಿಯು ಬೇಕೆಂದಾಗ ಬಿಡಿಸಬಹುದಾಗಿದ್ದ ಚಾಲಗೇಣಿಯ ಒಕ್ಕಲು, ಗೇಣಿಯ ಅಕ್ಕಿ ಅಳೆಯುವಾಗ ಎಷ್ಟು ಜಾಣ್ಮೆಯಿಂದ ಮಾತನಾಡಿದರೂ ಪ್ರಯೋಜನವಿರಲಿಲ್ಲ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರಲ್ಲಿ ಜಾರಿಗೆ ಬಂದು, ಉಳುವ ನೆಲ ತನಗೇ ಸಿಗಲೆಂದು ಒಕ್ಕಲು ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಾಕಿದ ಮೇಲೆ ಮಾತನಾಡುವ ಅಗತ್ಯವೇ ಹೋಯಿತು.

ಇಷ್ಟೆಲ್ಲ ಬಲಾಬಲ ತಿಳಿದ ಪೆರಾಬೆಯ ಬೆಳೆಗಾರನು ವರ್ಷಕ್ಕೊಮ್ಮೆ ಸಂಪೂರ್ಣವಾಗಿ ಶರಣಾಗುವುದು ಮದ್ದು ಬಿಡುವವನ ಮುಂದೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ತಡೆಯಲು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, ಬಳಿಕ ನಲವತ್ತು ನಲವತ್ತೈದು ದಿನಕ್ಕೊಮ್ಮೆ. ಇದಕ್ಕೆ ಮರ ಏರಬಲ್ಲವರು ಊರಿಗೆ ಬೆರಳೆಣಿಕೆಯಷ್ಟು ಜನ, ಎಲ್ಲರ ತೋಟಕ್ಕೂ ಅವರು ಬೇಕಾದದ್ದು ಮಳೆ ಬಿಟ್ಟ ಅದೇ ಎರಡು ದಿನ. ಚಾಲಿಯೊಡನೆ ತಿಂಗಳುಗಟ್ಟಲೆ ಕಾಯಬಲ್ಲವನು ಇಲ್ಲಿ ಒಂದು ವಾರ ಕಾದರೆ ಎಳೆಗಾಯಿಗಳು ಬುಡದಲ್ಲಿ ಉದುರಿ ಬಿದ್ದಿರುತ್ತವೆ. ಆದುದರಿಂದ ಅಂಗಡಿಯಲ್ಲಿ ಎರಡು ರೂಪಾಯಿಗೆ ಮೂರು ಸಲ ಮೆಟ್ಟಿಲು ಇಳಿದವನು ಈತನ ಕೂಲಿಯನ್ನು ಕೇಳುವುದೇ ಇಲ್ಲ, ಬೆಳಗ್ಗೆ ನೀರುದೋಸೆಗೆ ಕೋಳಿಸಾರು ಸಾಕೇ ಎಂದಷ್ಟೇ ಕೇಳುತ್ತಾನೆ. “ನಾಳೆ ನೋಡುವ ಅಣ್ಣ, ಮಳೆ ಬಿಟ್ಟರೆ” ಎಂಬ ಮಾತಿಗೆ ಎದುರಾಡುವ ತಂತ್ರ ಯಾವ ಪುಸ್ತಕದಲ್ಲೂ ಇಲ್ಲ. ಅಷ್ಟು ಎತ್ತರದಲ್ಲಿ ಒದ್ದೆ ಮರಕ್ಕೆ ಜೋತುಬೀಳುವ ಜೀವಕ್ಕೆ ಈ ಹಿಡಿತ ಸಲ್ಲತಕ್ಕದ್ದೇ ಎಂಬುದನ್ನೂ ಹೇಳಬೇಕು.

ಇದಕ್ಕೂ ಬದಲಿದಾರಿ ಹುಡುಕುವ ಪ್ರಯತ್ನ ನಡೆದಿದೆ. ಮರ ಏರುವ ತರಬೇತಿ ಶಿಬಿರಗಳಾಗಿವೆ. ನೆಲದಲ್ಲೇ ನಿಂತು ಮದ್ದು ಬಿಡಲೂ ಗೊನೆ ಕೊಯ್ಯಲೂ ಆಗುವ ಕಾರ್ಬನ್ ಫೈಬರಿನ ದೋಟಿ ಬಂದು, ಸಾಲ ಮಾಡಿಯಾದರೂ ಅದನ್ನು ಕೊಂಡವರಿದ್ದಾರೆ. ಆದರೆ ಅಷ್ಟುದ್ದದ ದೋಟಿಯನ್ನು ದಿನವಿಡೀ ಕತ್ತೆತ್ತಿ ಹಿಡಿಯಬಲ್ಲವರೂ ಊರಿಗೆ ಬೆರಳೆಣಿಕೆಯಷ್ಟೇ ಇರುವುದರಿಂದ, ಈಗ ದೋಟಿ ಬೆಳೆಗಾರನದು, ಹಿಡಿತ ದೋಟಿ ಹಿಡಿಯುವವನದು. ಓದುಗರ ಪರಿಚಯದಲ್ಲಿ ಅಂಥವರು ಯಾರಾದರೂ ಇದ್ದರೆ ಮಳೆ ಹಿಡಿಯುವ ಮೊದಲು ದಯವಿಟ್ಟು ಪೆರಾಬೆಯ ಕಡೆಗೆ ಕಳುಹಿಸಿಕೊಡಬೇಕು. ಕೂಲಿಯ ವಿಷಯದಲ್ಲಿ ಮಾತುಕತೆ ಏನೂ ಇರುವುದಿಲ್ಲ.