ಅವ್ವನ ಜಗಲಿಯ ಜರೀಗಿಡ

ಸಾವನದುರ್ಗದ ಬುಡದಲ್ಲಿ ನಮ್ಮ ಮನೆ ಎಂದರೆ ಸಾಕು, ವರ್ಷವಿಡೀ ನಾವು ಕಂಬಳಿ ಹೊದ್ದೇ ಓಡಾಡುತ್ತೇವೆ ಎಂದು ಬೆಂಗಳೂರಿನ ನೆಂಟರು ನಂಬಿಬಿಟ್ಟಿದ್ದಾರೆ. 1226 ಮೀಟರ್ ಎತ್ತರದ ಬೆಟ್ಟ, ಸುತ್ತ ಕಾಡು, ಅತ್ತ ಅರ್ಕಾವತಿ, ಇನ್ನೇನು ಬೇಕು ಅನ್ನುತ್ತಾರೆ. ಪುಣ್ಯಾತ್ಮರು ಬರುವುದೆಲ್ಲ ಡಿಸೆಂಬರಿನಲ್ಲಿ. ಏಪ್ರಿಲ್‌ನಲ್ಲಿ ಬಂದು ಕರಿಗುಡ್ಡದ ಮೇಲೆ ಬರಿಗಾಲಿಡಲಿ, ಮಾತಾಡೋಣ. ಹಗಲೆಲ್ಲ ಕುಡಿದ ಬಿಸಿಲನ್ನು ಆ ಬಂಡೆ ರಾತ್ರಿ ಊಟದ ಹೊತ್ತಿಗೂ ನಮ್ಮ ಕಡೆ ಉಗುಳುತ್ತಿರುತ್ತದೆ. ಬೆಟ್ಟ ನಮಗೆ ಪಡುವಲಲ್ಲಿರುವುದರಿಂದ ಅದರ ನೆರಳೂ ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹೊತ್ತಿಳಿದ ಮೇಲೆ, ಯಾರಿಗೂ ಬೇಡವಾದಾಗ.

ಇಂಥ ಊರಿಗೆ ನನ್ನ ಹೆಂಡತಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಒಂದು ಜರೀಗಿಡ ತಂದಳು. ಮಾರಿದವನು ಗಿಡದ ಜೊತೆ ನಿಯಮಾವಳಿಯನ್ನೂ ಕೊಟ್ಟಿದ್ದ: ನೇರ ಬಿಸಿಲು ಕೂಡದು, ಕತ್ತಲೆಯೂ ಕೂಡದು, ಮಣ್ಣು ಒಣಗಬಾರದು, ನೀರು ನಿಲ್ಲಲೂ ಬಾರದು, ಗಾಳಿಯಲ್ಲಿ ತೇವ ಇರಬೇಕು, ಇಲ್ಲದಿದ್ದರೆ ಎಲೆಯ ತುದಿ ಕಂದುತ್ತದೆ. ಕೆಂಪುಮಣ್ಣು, ಮರಳು, ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲವನ್ನೂ ಹೊಂದಿಸಿದೆವು. ಹೊಂದದೇ ಉಳಿದದ್ದು ನೆರಳೊಂದೇ. ಮನೆಯಲ್ಲಿ ದಿನವಿಡೀ ತಂಪಾಗಿರುವ ಜಾಗ ಉತ್ತರದ ಜಗಲಿ, ನೀರಿನ ತೊಟ್ಟಿಯ ಪಕ್ಕ, ಹೊಂಗೆಮರದ ಕೆಳಗೆ. ಅಲ್ಲಿ ನನ್ನ ಅವ್ವನ ಮಂಚವಿದೆ.

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಟಿಪ್ಪುವಿನ ಕಡೆಯವರಿಂದ ಈ ದುರ್ಗವನ್ನು ಕಿತ್ತುಕೊಳ್ಳಲು ಎರಡು ವಾರವೂ ಹಿಡಿಯಲಿಲ್ಲ. ಅವ್ವನ ಮಂಚವನ್ನು ಒಂದು ಗೇಣು ಸರಿಸಲು ನಮಗೆ ಇಡೀ ಬೇಸಿಗೆ ಹಿಡಿಯಿತು.

"ಹೂವ ಬುಡ್ತದಾ ಇದು?" ಅವ್ವ ವಿಚಾರಣೆ ಶುರುಮಾಡಿದಳು.

"ಇಲ್ಲವ್ವ."

"ಕಾಯಿ?"

"ಅದೂ ಇಲ್ಲ."

"ಮತ್ತೇನ್ಲಾ ಮಾಡ್ತದೆ?"

"ವರ್ಷವೆಲ್ಲ ಹಸುರಾಗಿರ್ತದೆ."

"ನಿಮ್ಮ ಚಿಕ್ಕಪ್ಪನೂ ಹಂಗೇ ಇದ್ದ. ನೆಳ್ಳಲ್ಲಿ ಕುಂತ್ಕಂಡು."

ನಾನು ಗಿಡದ ವಂಶಾವಳಿ ಹಿಡಿದು ವಾದಿಸಿದೆ. ನಮ್ಮ ಬೆಟ್ಟದ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಜರೀಗಿಡಗಳ ಕುಲ ಭೂಮಿಗೆ ಬಂದು 35 ಕೋಟಿ ವರ್ಷ ದಾಟಿದೆ, ಆಗ ಲೋಕದಲ್ಲಿ ಹೂವೆಂಬುದೇ ಇರಲಿಲ್ಲ ಎಂದೆ. "ಅಷ್ಟು ವರ್ಷ ಇದ್ದೂ ಒಂದು ಹೂವ ಬುಡೋದು ಕಲೀನಿಲ್ವಾ?" ಎಂದಳು ಅವ್ವ. ವೀರಭದ್ರಸ್ವಾಮಿಗೆ ಏರಿಸಲಾಗದ ಗಿಡಕ್ಕೆ ನೀರು ದಂಡ ಎಂಬುದು ಅವಳ ತೀರ್ಪು.

ಮಳೆ ಹಿಡಿದಾಗ ಸುರುಳಿ ಬಿಚ್ಚಿಕೊಂಡು ಹೊಸ ಎಲೆಗಳು ಬಂದವು. ಅವು ಬಲಿತ ಮೇಲೆ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಪಕ್ಕದ ಮನೆಯ ಮಾವ ಕನ್ನಡಕ ಏರಿಸಿ ನೋಡಿ, "ಹುಳ ಬಿದ್ದದೆ" ಎಂದು ಬೇವಿನೆಣ್ಣೆ ತರಲು ಹೊರಟರು. ಅವ್ವ ಆಗಲೇ ಒಲೆಯ ಬೂದಿ ಹಿಡಿದು ನಿಂತಿದ್ದಳು. ಹುಳವಾದರೆ ಹೀಗೆ ನರದ ಎರಡೂ ಬದಿ ಸಾಲು ತಪ್ಪದೆ ಕೂರುತ್ತದೆಯೇ? ರೇಷನ್ ಅಂಗಡಿ ಮುಂದೆ ನಾವೇ ಹಾಗೆ ನಿಲ್ಲುವುದಿಲ್ಲ. ಅಡ್ಡ ನಿಂತು ವಿವರಿಸಿದೆ: ಅವು ಬೀಜಕದ ಗೂಡುಗಳು. ಅದರ ಪುಡಿ ತೇವದ ಜಾಗದಲ್ಲಿ ಬಿದ್ದರೆ ಮೊದಲು ಉಗುರಿಗಿಂತ ಸಣ್ಣ, ಹೃದಯದಾಕಾರದ ಒಂದು ಹಸುರು ಚೂರಾಗುತ್ತದೆ. ಹೆಣ್ಣು ಗಂಡು ಎರಡೂ ಅದರಲ್ಲೇ. ಗಂಡಿನ ಕಣ ಈಜಿಕೊಂಡೇ ಹೆಣ್ಣನ್ನು ಸೇರಬೇಕು. ನೀರಿನ ಪಸೆಯಿಲ್ಲದಿದ್ದರೆ ಮದುವೆಯೇ ಇಲ್ಲ.

"ಮಾಗಡಿ ಸೀಮೇಲಿ ಬ್ರಹ್ಮಚಾರೀನೇ ಆಯ್ತದೆ ಬುಡು," ಎಂದಳು ಅವ್ವ. ಆದರೂ ಬೂದಿ ಕೆಳಗಿಟ್ಟಳು.

ಆಮೇಲೆ ಗೊತ್ತಾಯಿತು, ಜರೀಗಿಡ ಅವಳಿಗೆ ಹೊಸದಲ್ಲ. ಆಡು ಕಾಯುವ ವಯಸ್ಸಿನಲ್ಲಿ, ಎಲೆಯಡಿ ಬಿಳಿ ಹಿಟ್ಟಿರುವ ಜಾತಿಯೊಂದನ್ನು ಮುಂಗೈಗೆ ಒತ್ತಿ ಹಚ್ಚೆ ಮಾಡಿಕೊಳ್ಳುತ್ತಿದ್ದಳಂತೆ. ಬಂಡೆಯ ಸಂದಿಯ ಮಯೂರಶಿಖೆಯೂ ಗೊತ್ತು: ಬೀಸಣಿಗೆಯಂತಹ ಪುಟ್ಟ ಎಲೆ, ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿದ್ದು ಮಳೆ ಬಿದ್ದೊಡನೆ ಎದ್ದು ಕೂರುತ್ತದೆ. ನಿಯಮಾವಳಿ ಇಲ್ಲ, ನಾರಿನ ಪುಡಿ ಇಲ್ಲ. "ಅದ ಬುಟ್ಟು ದುಡ್ಡು ಕೊಟ್ಟು ಈ ಸುಕುಮಾರಿನ ತಂದವ್ರೆ," ಎಂದು ಬೀದಿಗೆಲ್ಲ ಸಾರಿದಳು. ಅದನ್ನೇ ತರೋಣವೇ ಎಂದು ಹೆಂಡತಿ ಕೇಳಿದಳು. ಅರಣ್ಯ ಇಲಾಖೆಯ ಕಾಡಿನಿಂದ ಕಿತ್ತು ತರುವಂತಿಲ್ಲ. ತಂದರೂ ನಮ್ಮ ದಿನನಿತ್ಯದ ಉಪಚಾರಕ್ಕೆ ಅದು ಕೊಳೆತೇ ಹೋಗುತ್ತದೆ.

ಕುಂಡ ತುಂಬಿದಾಗ ಗಿಡವನ್ನು ಪಾಲು ಮಾಡಲು ಮಗುಚಿದೆವು. ಬೇರಿನಲ್ಲಿ ಗೋಲಿಯಷ್ಟು ದಪ್ಪದ ಗೆಡ್ಡೆಗಳು! ಅವ್ವನ ಮುಖ ಮೊದಲ ಬಾರಿಗೆ ಅರಳಿತು. ಅವು ಗಿಡ ನೀರು ಕೂಡಿಡುವ ಗೆಡ್ಡೆಗಳು ಎಂದೆ. ಒಂದನ್ನು ಸೆರಗಿಗೆ ಒರೆಸಿ, ಮೂಸಿ, "ಹುಳಿಗೆ ಹಾಕಿದ್ರೆ?" ಎಂದಳು. ಹೆಂಡತಿ ಕುಂಡವನ್ನು ಎದೆಗವಚಿಕೊಂಡಳು.

ಈಗ ಮಂಚ ಒಂದು ಗೇಣು ಆಚೆ ಇದೆ, ಕುಂಡ ಈಚೆ ಇದೆ. ಮಂಚದ ಮೇಲೆ ಕುಳಿತೇ ಚೊಂಬಿನಲ್ಲಿ ನೀರು ಹಾಕುವುದೂ, ಹಣ್ಣಾದ ಎಲೆ ಚಿವುಟುವುದೂ ಅವ್ವನ ಕೆಲಸ. ನಾವು ಮುಟ್ಟಿದರೆ ಬೈಗುಳ. ಮೊನ್ನೆ ಮಾವನ ಸೊಸೆ ಒಂದು ಕವಲು ಕೇಳಲು ಬಂದಳು. ಅವ್ವ ಧಾರಾಳವಾಗಿ ಕಿತ್ತು ಕೊಟ್ಟು ಎಂದಳು: "ಗಿಡವೇನೋ ತಗಂಡೋಗವ್ವ. ನಿಮ್ಮತ್ತೆ ಮಂಚ ಎಲ್ಲಿ ಹಾಕವ್ರೆ, ಅದ ಮೊದ್ಲು ನೋಡ್ಕೊ."